ಮೂರನೇ ನಂಬರಿನ ಟೈರು

"ಇದು ಭೋಜಣ್ಣನ ಕೈ ಅಲ್ಲ ಸಾರ್. ಬೇಕಾದ್ರೆ ಆಣೆ ಹಾಕ್ತೇನೆ."

ಅಬ್ದುಲ್ ಲತೀಫ್ ಒಡೆದ ಟೈರಿನ ಹೊಟ್ಟೆಯೊಳಗೆ ಮೊಣಕೈವರೆಗೆ ತೋಳು ಇಳಿಸಿ ತಡಕುತ್ತಿದ್ದ.

"ಆಣೆ ಬೇಡಪ್ಪ, ಕಾರಣ ಹೇಳು," ಎಂದೆ.

ಕುವೈತಿನಲ್ಲಿ ಹದಿನಾರು ವರ್ಷದಿಂದ ಇನ್ಶೂರೆನ್ಸ್ ಕಂಪನಿಯ ಸರ್ವೇಯರ್ ನಾನು. ಜಖಂ ಆದ ಗಾಡಿಗಳನ್ನು ನೋಡಿ ತಪ್ಪು ಯಾರದೆಂದು ಹೇಳುವುದು ನನ್ನ ಕೆಲಸ. ಗುದ್ದಿದವನೂ ಆಣೆ ಹಾಕುತ್ತಾನೆ, ಗುದ್ದಿಸಿಕೊಂಡವನೂ ಹಾಕುತ್ತಾನೆ. ತಗಡು, ರಬ್ಬರು ಮಾತ್ರ ಸುಳ್ಳು ಹೇಳುವುದಿಲ್ಲ, ಅವುಗಳ ಭಾಷೆ ಈ ಅನಂತರಾಮುವಿನಷ್ಟು ಚೆನ್ನಾಗಿ ಯಾರಿಗೂ ಬರುವುದಿಲ್ಲ ಎಂಬ ಜಂಬ ನನಗಿತ್ತು. ಆ ಜಂಬ ಇಳಿದದ್ದು ಹೇಗೆಂದು ಹೇಳಲಿಕ್ಕೇ ಇಷ್ಟೆಲ್ಲ ಬರೆಯುತ್ತಿರುವುದು.

ಫಹಾಹೀಲಿನ ಲತೀಫನ ಟೈರು ಅಂಗಡಿಯ ನೆಲದ ಮೇಲೆ ನಾಲ್ಕು ಟೈರುಗಳು ಸಾಲಾಗಿ ಬಿದ್ದಿದ್ದವು. ಮೂರು ಇಡಿಯಾಗಿದ್ದವು, ಒಂದು ಚಿಂದಿ. ಬುಧವಾರ ಬೆಳಗಿನ ಹನ್ನೊಂದು ಗಂಟೆಯಾದರೂ ಅಂಗಡಿಯಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಗಾಳಿ ಬುರ್ಗಾನ್ ಕಡೆಯಿಂದ ಬೀಸಿದರೆ, ಇರಾಕಿಗಳು ಬೆಂಕಿ ಹಚ್ಚಿಹೋದ ಎಣ್ಣೆ ಬಾವಿಗಳ ಹೊಗೆಗೆ ಮಧ್ಯಾಹ್ನವೂ ಮುಸ್ಸಂಜೆಯೇ. ಮೂಗು ಒರೆಸಿದ ಕರವಸ್ತ್ರ ಕಪ್ಪಾಗುತ್ತಿತ್ತು.

ಬಾಗಿಲ ಬಳಿಯ ಸ್ಟೂಲಿನಲ್ಲಿ ಮೆಕ್ಯಾನಿಕ್ ಭೋಜನ ಹೆಂಡತಿ ಕುಸುಮಾವತಿ ಕುಳಿತಿದ್ದಳು. ಫರ್ವಾನಿಯಾದ ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳಿಗೆ ಕೆಲಸ. ಎರಡು ಗಂಟೆಯ ಪಾಳಿಗೆ ಮುಂಚೆ ಬಸ್ಸು ಹಿಡಿದು ಬಂದಿದ್ದಳು.

ಒಂದು ವರ್ಷದ ಹಿಂದೆ, ತೊಂಬತ್ತರ ಸೆಪ್ಟೆಂಬರ್ ಹತ್ತರಂದು, ಇರಾಕಿಗಳ ಕೈಸೇರಿದ್ದ ಕುವೈತಿನಿಂದ ಪಾರಾಗಲೆಂದು ಹನ್ನೊಂದು ಜನರನ್ನು ಕ್ಯಾರವಾನ್ ಎಂಬ ಚಕ್ರದ ಮನೆಯಲ್ಲಿ ತುಂಬಿಕೊಂಡು, ಪಿಕಪ್ಪಿಗೆ ಕಟ್ಟಿ ಎಳೆಯುತ್ತಾ ಭೋಜ ಹೊರಟಿದ್ದ. ಮುತ್ಲಾ ದಿಬ್ಬ ದಾಟುತ್ತಲೇ ಕ್ಯಾರವಾನಿನ ಟೈರು ಒಡೆದು ಎರಡೂ ಮಗುಚಿದವು. ಸ್ಟೇರಿಂಗ್ ಹಿಡಿದಿದ್ದ ಭೋಜ ಸತ್ತ. ಒಳಗೆ ಕುಳಿತಿದ್ದ ಲಿಜ್ಜಿ ಎಂಬ ಹೆಣ್ಣುಮಗಳೂ ಸತ್ತಳು. ಟೈರು ಆರಿಸಿದವನು ಭೋಜ, ಹಾಕಿದವನೂ ಭೋಜ. ಹಳೇ ಟೈರು ಹಾಕಿ ಲಿಜ್ಜಿಯನ್ನು ಕೊಂದ ಎಂದು ನಮ್ಮ ಜನ ತೀರ್ಪು ಕೊಟ್ಟು ಕೈ ತೊಳೆದುಕೊಂಡರು. ಸತ್ತವನು ಎದ್ದು ಬಂದು ಉತ್ತರ ಹೇಳುವುದಿಲ್ಲವಲ್ಲ.

ಬರುವ ಶುಕ್ರವಾರ ಅಬ್ಬಾಸಿಯಾದ ಶಾಲೆಯ ಸಭಾಂಗಣದಲ್ಲಿ ವರ್ಷದ ಸ್ಮರಣೆ ಸಭೆ. ಆ ದಿನಗಳಲ್ಲಿ ತೀರಿಕೊಂಡ ನಮ್ಮವರ ಹೆಸರು ಒಂದೊಂದಾಗಿ ಓದಿ, ಒಂದೊಂದು ದೀಪ ಹಚ್ಚುವುದು. ಪಟ್ಟಿಯಲ್ಲಿ ಒಂಬತ್ತು ಹೆಸರಿತ್ತು, ಭೋಜನದು ಇರಲಿಲ್ಲ. ಆ ಒಂದು ಹೆಸರಿಗಾಗಿ ಕುಸುಮಾವತಿ ಎರಡು ತಿಂಗಳಿನಿಂದ ನನ್ನ ಬೆನ್ನು ಹತ್ತಿದ್ದಳು. ಕ್ಯಾರವಾನ್ ಬಿದ್ದ ಜಾಗದಲ್ಲಿ ಆಮೇಲೆ ಇರಾಕಿಗಳು ಮೈನು ಎಂಬ ನೆಲಬಾಂಬು ಹೂತಿದ್ದರಿಂದ ವರ್ಷವಿಡೀ ಯಾರೂ ಹತ್ತಿರ ಸುಳಿದಿರಲಿಲ್ಲ. ಮೈನು ತೆಗೆದು ಅದನ್ನು ಹೊರಗೆಳೆದದ್ದು ಹೋದ ವಾರ. ಅದರ ನಾಲ್ಕು ಟೈರು ಬಿಚ್ಚಿಸಿಕೊಂಡು ನಾನು ಇಲ್ಲಿಗೆ ಬಂದಿದ್ದೆ.

"ಕಾರಣ ಅಲ್ವ? ಹೇಳ್ತೇನೆ," ಎಂದು ಲತೀಫ್ ಕೈ ಒರೆಸಿಕೊಂಡ. "ಹೋದ ವರ್ಷ ಆಗಸ್ಟ್ ಕೊನೆಗೆ ಭೋಜಣ್ಣ ಬಂದ. ನಾನು ಶಟರ್ ಅರ್ಧ ಎಳೆದು ಹೆದರಿ ಕೂತಿದ್ದೆ. ಹದಿನೈದು ಟೈರ್ ಕೆಳಗೆ ಇಳಿಸಿದ ಮಾರಾಯ್ರೆ, ಹನ್ನೊಂದನ್ನು ವಾಪಸ್ ಮೇಲೆ ಹತ್ತಿಸಿದ. ಹೆಣ್ಣು ನೋಡ್ಲಿಕ್ಕೆ ಬಂದವರೂ ಅಷ್ಟು ನೋಡುದಿಲ್ಲ."

ಕುಸುಮಾವತಿಯ ತುಟಿ ಸ್ವಲ್ಪ ಅರಳಿತು.

"ಮೊದಲು ನೋಡಿದ್ದು ಟ್ರೇಲರ್ ಅಂತ ಅಚ್ಚು ಉಂಟಾ ಅಂತ. ಕಾರಿನ ಟೈರ್ ಕ್ಯಾರವಾನಿಗೆ ಆಗುದಿಲ್ಲ, ಅದರ ಪಕ್ಕೆ ಮೆತ್ತಗೆ, ಭಾರ ಹಾಕಿದ್ರೆ ಬಿಸಿಯಾಗಿ ಸೀಳ್ತದೆ ಅಂದ. ಮತ್ತೆ ಪಕ್ಕೆಯನ್ನು ಉಗುರಲ್ಲಿ ಒತ್ತಿದ. ಮೂಸಿದ. ಕಡೆಗೆ ನಂಬರ್."

"ಎಂತ ನಂಬರ್?" ಎಂದಳು ಕುಸುಮಾವತಿ.

"ಇಲ್ಲಿ ನೋಡಿ ಅಕ್ಕ. ಸೊನ್ನೆ, ಎಂಟು, ಒಂಬತ್ತು. ಮೊದಲಿನ ಎರಡು ವಾರ, ಕಡೇದು ವರ್ಷ. ಎಂಬತ್ತೊಂಬತ್ತನೇ ಇಸವಿಯ ಎಂಟನೇ ವಾರ ಮಾಡಿದ ಟೈರ್. ಕ್ಯಾರವಾನ್ ವರ್ಷಕ್ಕೆ ಎರಡು ಸಲ ಮರಳುಗಾಡಿಗೆ ಹೋಗಿ ಬರುದು, ಉಳಿದ ದಿನ ಬಿಸಿಲಲ್ಲಿ ನಿಲ್ಲುದು. ಅದರ ಟೈರ್ ಓಡಿ ಸಾಯುದಿಲ್ಲ ಲತೀಫ, ನಿಂತು ಸಾಯ್ತದೆ, ಅದಕ್ಕೇ ಹುಟ್ಟಿದ ದಿನ ನೋಡ್ಬೇಕು ಅಂತಿದ್ದ."

ಈ ನಂಬರು ಟೈರಿನ ಒಂದೇ ಪಕ್ಕದಲ್ಲಿ ಇರುತ್ತದೆ. ಭೋಜ ಅದನ್ನು ಯಾವಾಗಲೂ ಹೊರಗೆ ಬರುವಂತೆ ಕೂರಿಸುತ್ತಿದ್ದ, ನಾಳೆ ಇನ್ನೊಬ್ಬ ಮೆಕ್ಯಾನಿಕ್ ಬಗ್ಗಿ ನೋಡಿದರೆ ಕಾಣಲಿ ಎಂದು. ಮೂರು ಟೈರಿನಲ್ಲೂ ಹಾಗೇ ಇತ್ತು. ಒಡೆದದ್ದರಲ್ಲಿ ಮಾತ್ರ ನಂಬರು ಒಳಮುಖವಾಗಿತ್ತು. ನಾನು ಟಾರ್ಚು ಹಿಡಿದು ಓದಿದೆ. ಮೂರು, ಮೂರು, ಮೂರು. ಎಂಬತ್ತಮೂರನೇ ಇಸವಿಯದು, ಅದೂ ಕಾರಿನ ಟೈರು.

"ಇನ್ನೊಂದು ಉಂಟು," ಎಂದ ಲತೀಫ್. ಇಡಿಯಾಗಿದ್ದ ಮೂರು ಟೈರುಗಳ ಬಾಯಿ ಅಗಲಿಸಿ ಒಳಗೆ ಬೆಳಕು ಬಿಡಲು ಹೇಳಿದ. ಕಪ್ಪು ರಬ್ಬರಿನ ಮೇಲೆ ಹಳದಿ ಮೇಣದ ಬಳಪದಲ್ಲಿ ದಪ್ಪ ಕನ್ನಡ ಅಕ್ಷರ: ಭೋ 1. ಇನ್ನೊಂದರಲ್ಲಿ ಭೋ 2. ಮತ್ತೊಂದರಲ್ಲಿ ಭೋ 4.

ಕುಸುಮಾವತಿ ಸ್ಟೂಲಿನಿಂದ ಎದ್ದು ಬಂದು ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ಇವರಿಗೆ ಎಲ್ಲದಕ್ಕೂ ನಂಬರ್ ಹಾಕುವ ಹುಚ್ಚು," ಎಂದಳು. "ಉಪ್ಪಿನಕಾಯಿ ಭರಣಿಗೆ ಸಹ. ಭೋ ಒಂದು, ಭೋ ಎರಡು. ನಾನು ನಗಾಡ್ತಿದ್ದೆ."

ಒಡೆದದ್ದರ ಒಳಗೆ ಬರಹವಿರಲಿಲ್ಲ. ಅದರ ಬಾಯಂಚಿನಲ್ಲಿ ಕಬ್ಬಿಣದ ಲಿವರ್ ಊರಿ ಎಬ್ಬಿಸಿದ ಗಾಯಗಳಿದ್ದವು. ಭೋಜ ಮೆಷಿನ್ನಿನಲ್ಲಿ ಸೋಪುನೀರು ಹಚ್ಚಿ ಹಾಕುವವನು. ಹೀಗೆ ಕೈಯಲ್ಲಿ ಎತ್ತಿ ಹಾಕುವುದು ಹಳೇ ಪೆಟ್ರೋಲ್ ಪಂಪಿನವರ ಪದ್ಧತಿ ಎಂದ ಲತೀಫ್. ಭೋಜ ಟೈರು ಕೂರಿಸಿದ ದಿನವೇ ಬಿಸಿಲು ತಾಗದಿರಲೆಂದು ನಾಲ್ಕಕ್ಕೂ ಒದ್ದೆ ಗೋಣಿ ಕಟ್ಟಿದ್ದ. ಹೊರಡುವ ಗಡಿಬಿಡಿಯಲ್ಲಿ ಬಿಚ್ಚಿದ್ದ. ಆ ನಡುವೆ ಯಾರೋ ಒಂದನ್ನು ಬದಲಾಯಿಸಿದ್ದರು.

"ಹಳೇ ಟೈರೇ ಸಾರ್, ಆದ್ರೆ ಅಂಚಲ್ಲಿ ಹೊಸ ಟೈರಿಗಿರುವ ರಬ್ಬರಿನ ಮುಳ್ಳು ಹಾಗೇ ಉಂಟು ನೋಡಿ. ಓಡಲೇ ಇಲ್ಲ ಇದು. ಏಳು ವರ್ಷ ಯಾರೋ ಚಂದ ಮಾಡಿ ಇಟ್ಟದ್ದು. ನಮ್ಮ ಜನ ಸೋಫಾದ ಪ್ಲಾಸ್ಟಿಕ್ ತೆಗೀದೇ ಹತ್ತು ವರ್ಷ ಕೂರ್ತಾರಲ್ಲ, ಹಾಗೆ."

ನನಗೆ ನಗು ಬಂತು. ಸಾಲ್ಮಿಯಾದ ನನ್ನ ಮನೆಯ ಸೋಫಾದ ಪ್ಲಾಸ್ಟಿಕ್ಕಿಗೂ ಏಳು ವರ್ಷ. ಮೈಸೂರಿಗೆ ಒಯ್ಯುವಾಗ ಹೊಸದಾಗಿಯೇ ಇರಲೆಂದು ಹೆಂಡತಿ ಮುಟ್ಟಗೊಡುತ್ತಿರಲಿಲ್ಲ. ನಾವು ಗಲ್ಫಿನವರು ಹೀಗೇ. ಒಳ್ಳೆಯದನ್ನೆಲ್ಲ ಊರಿಗೆಂದು ಎತ್ತಿಟ್ಟು, ಎತ್ತಿಟ್ಟಲ್ಲೇ ಹಾಳು ಮಾಡುತ್ತೇವೆ.

ಒಡೆದ ಟೈರಿನ ಪಕ್ಕೆಯಲ್ಲಿ ನೀಲಿ ಪೇಂಟಿನ ಎರಡು ಹನಿ ಒಣಗಿದ್ದವು. ಕ್ಯಾರವಾನಿನ ಬಣ್ಣ ಬಿಳಿ, ಪಟ್ಟಿ ಕಂದು. ನೀಲಿ ಎಲ್ಲಿಂದ ಬಂತು ಎಂದು ಡೈರಿಯಲ್ಲಿ ಬರೆದುಕೊಂಡೆ. ಆ ಪಕ್ಕೆಯ ಒಂದು ಚೂರು ಕತ್ತರಿಸಿ ಕೈಚೀಲಕ್ಕೆ ಹಾಕಿಕೊಂಡೆ.

"ಅನಂತಣ್ಣ," ಎಂದಳು ಕುಸುಮಾವತಿ. ಅವಳ ಕಣ್ಣು ಇನ್ನೂ ಆ ಹಳದಿ ಅಕ್ಷರದ ಮೇಲಿತ್ತು. "ಮೂರು ನಂಬರಿಂದು ಯಾರ ಹತ್ರ ಉಂಟೋ, ಅವರ ಹೆಸರು ನೀವೇ ಹೇಳ್ಬೇಕು. ನನ್ನ ಕೈಯಲ್ಲಿ ಹೇಳಿಸ್ಬೇಡಿ. ಹೆಂಡತಿ ಅಲ್ವ, ಹೇಳ್ತಾಳೆ ಅಂತಾರೆ. ಶುಕ್ರವಾರ ಎಲ್ಲರೆದುರು ನೀವು ಹೇಳಿ."

"ಹೇಳ್ತೀನಮ್ಮ."

"ಯಾರೇ ಆದ್ರೂ?"

"ಯಾರೇ ಆಗಲಿ. ನನಗೆ ಯಾರ ಹಂಗೂ ಇಲ್ಲ."

"ಅಶ್ಮಿತಾ ಕಾಗದ ಬರೆದಿದ್ದಾಳೆ," ಎಂದಳು. ಮಗಳು ಊರಿನಲ್ಲಿ ಅಜ್ಜಿಯ ಜೊತೆಗಿದ್ದಳು. "ಅಮ್ಮ, ಅಪ್ಪ ಮೋಸ ಮಾಡಿದ್ದಾ ಅಂತ ಕೇಳಿದ್ದಾಳೆ. ಹನ್ನೊಂದು ವರ್ಷದ ಮಗು. ನಾನು ಉತ್ತರ ಬರೀಲಿಲ್ಲ. ಶುಕ್ರವಾರ ಆದ ಮೇಲೆ ಬರೀತೇನೆ."

ನಾಳೆ ಇದೇ ಹೊತ್ತಿಗೆ ಇಲ್ಲಿಗೇ ಬಾಮ್ಮ ಎಂದೆ. ಲತೀಫ್ ಅವಳಿಗೆ ಚಹಾ ತರಿಸಿದ. ಅವಳು ಕುಡಿಯಲಿಲ್ಲ.

* * *

ಪಂಪಿನವರ ಪದ್ಧತಿ ಎಂದು ಲತೀಫ್ ಹೇಳಿದ ಕೂಡಲೇ ನನ್ನ ತಲೆಯಲ್ಲಿ ಒಂದು ಹೆಸರು ಬಂದಿತ್ತು. ಬರಬಾರದಿತ್ತು ಎಂದು ದಾರಿಯುದ್ದಕ್ಕೂ ಅಂದುಕೊಂಡೆ.

ಕ್ಲೆಮೆಂಟ್ ನಮ್ಮ ಆಫೀಸಿನ ಟೈಪಿಸ್ಟ್. ಲಿಜ್ಜಿಯ ಗಂಡ. ಆ ದಿನ ಅವನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದೆ ಭೋಜನ ಪಕ್ಕದಲ್ಲಿದ್ದ. ಅವನೂ ಮಗಳೂ ಉಳಿದರು, ಹಿಂದಿದ್ದ ಹೆಂಡತಿ ಉಳಿಯಲಿಲ್ಲ. ಆಫೀಸಿಗೆ ಸೇರುವ ಮುಂಚೆ ಅವನು ಫಹಾಹೀಲಿನ ಪೆಟ್ರೋಲ್ ಪಂಪೊಂದರಲ್ಲಿ ಎರಡು ವರ್ಷ ಟೈರು ಹಾಕಿದವನು. ಮ್ಯಾನೇಜರರ ಕಾರು ಪಂಕ್ಚರ್ ಆದಾಗ ಬರೀ ಎರಡು ಲಿವರಿನಲ್ಲಿ ಟೈರು ಬಿಚ್ಚಿ ಹಾಕಿದ್ದನ್ನು ನಾನೇ ನೋಡಿದ್ದೆ. ಹೊರಡುವ ಮುಂಚಿನ ಒಂದು ವಾರ ಅವನ ಸಂಸಾರ ಕ್ಯಾರವಾನ್ ನಿಂತಿದ್ದ ಯಾರ್ಡಿನ ಕೋಣೆಯಲ್ಲೇ ಇತ್ತು.

ಅಬ್ಬಾಸಿಯಾದ ಅವನ ಫ್ಲ್ಯಾಟಿನ ಬಾಗಿಲು ತೆರೆದದ್ದು ಮಗಳು ಲೊರೈನ್, ಏಳು ವರ್ಷದ ಹುಡುಗಿ.

"ಡ್ಯಾಡಿ ಈಸ್ ಇನ್‌ಸೈಡ್, ಅಂಕಲ್."

ಲೊರೈನ್ ಹುಟ್ಟಿದ್ದು ನನ್ನ ಕಾರಿನ ಹಿಂದಿನ ಸೀಟಿನಲ್ಲಿ. ಎಂಬತ್ತನಾಲ್ಕರಲ್ಲಿ ಲಿಜ್ಜಿಗೆ ನೋವು ಬಂದಾಗ ಟ್ಯಾಕ್ಸಿ ಸಿಗದೆ ಕ್ಲೆಮೆಂಟ್ ನನ್ನ ಬಾಗಿಲು ಬಡಿದಿದ್ದ. ಕಾರು ಆಗಿನ್ನೂ ಹೊಸದು. ಆಸ್ಪತ್ರೆಯ ಗೇಟು ತಲುಪುವಷ್ಟರಲ್ಲಿ ಮಗು ಅತ್ತಿತು. ಅಂದಿನಿಂದ ಕ್ಲೆಮೆಂಟ್ ನನ್ನೆದುರು ಕುರ್ಚಿಯಲ್ಲಿ ಒರಗಿ ಕೂತವನಲ್ಲ.

ಅವನು ಮೇಜಿನ ಮುಂದಿದ್ದ. ಲಿಜ್ಜಿಯ ಫೋಟೋದೆದುರು ಮೇಣದ ಬತ್ತಿ, ಅದರ ಪಕ್ಕದಲ್ಲಿ ಅವನೇ ಟೈಪ್ ಮಾಡಿದ ಪಟ್ಟಿ. ಒಂಬತ್ತು ಹೆಸರು. ನನ್ನನ್ನು ಕಂಡು ಎದ್ದು ನಿಂತ.

"ಕೂತ್ಕೊಳ್ಳಿ ಸರ್. ಊಟ ಆಯ್ತಾ?"

ನಾನು ಕೂರಲಿಲ್ಲ. ರಬ್ಬರಿನ ಚೂರನ್ನು ಪಟ್ಟಿಯ ಮೇಲಿಟ್ಟೆ.

"ಲಿವರಿನಲ್ಲಿ ಟೈರು ಹಾಕೋದು ಮರೆತಿಲ್ಲ ಅಲ್ವ ಕ್ಲೆಮೆಂಟ್?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ಅವನು ತನ್ನ ಎರಡೂ ಅಂಗೈ ನೋಡಿಕೊಂಡ. ಆಮೇಲೆ ಮಗಳಿಗೆ ಕೊಂಕಣಿಯಲ್ಲಿ ಏನೋ ಹೇಳಿ ಅಡುಗೆಮನೆಗೆ ಕಳಿಸಿದ.

"ಭೋಜನ ತಪ್ಪು ಅಂತ ನಾನು ಹೇಳಲಿಲ್ಲ ಸರ್," ಎಂದ. "ಜನರೇ ಹೇಳಿದ್ರು. ನಾನು ಸುಮ್ಮನೆ ಇದ್ದೆ."

"ಸುಮ್ಮನಿದ್ದದ್ದೇ ಹೇಳಿದ ಹಾಗೆ."

"ಹೌದು ಸರ್. ಗೊತ್ತುಂಟು."

"ಯಾಕೆ ಬದಲಾಯಿಸಿದೆ?"

"ಒಬ್ಬರಿಗೆ ಒಂದು ಗಟ್ಟಿ ಟೈರ್ ಬೇಕಿತ್ತು. ಅಂಗಡಿ ಎಲ್ಲ ಬಂದ್. ಭೋಜ ಖುಬ್ಬೂಸ್ ರೊಟ್ಟಿಗೆ ಕ್ಯೂ ನಿಲ್ಲಲಿಕ್ಕೆ ಹೋಗಿದ್ದ. ನಮ್ಮದ್ರಲ್ಲಿ ಒಂದು ತೆಗೆದು ಅವರಿಗೆ ಕೊಟ್ಟೆ, ಅವರ ಹತ್ರ ಇದ್ದದ್ದನ್ನು ನಮಗೆ ಹಾಕಿದೆ. ಅದೂ ಹೊಸದೇ ಸರ್. ಮುಳ್ಳು ಸಹ ಹೋಗಿರ್ಲಿಲ್ಲ. ಒಂದು ಸಲ ಸಹ ನೆಲ ಮುಟ್ಟದ ಟೈರ್ ಹಳತು ಹೇಗೆ ಆಗುದು? ಪಂಪಲ್ಲಿ ನಮಗೆ ಅದೆಲ್ಲ ಯಾರು ಹೇಳಿಕೊಟ್ಟಿದ್ದಾರೆ?"

"ಎರಡೂ ಹೊಸದೇ ಆಗಿದ್ದರೆ ಬದಲಾಯಿಸಬೇಕಾದ್ದೇನು?"

"ಭೋಜ ಹೇಳ್ತಿದ್ದ, ಈ ನಾಲ್ಕು ಟೈರ್ ನರಕಕ್ಕೆ ಹೋಗಿ ವಾಪಸ್ ಬರ್ತದೆ ಅಂತ. ನಾವು ಬರೀ ಹೋಗುವವರು. ಅವರಿಗೆ ಹೋಗಿ ವಾಪಸ್ ಬರ್ಲಿಕ್ಕಿತ್ತು." ಅವನು ಲಿಜ್ಜಿಯ ಫೋಟೋ ಕಡೆ ನೋಡಲಿಲ್ಲ. "ಒಳ್ಳೇದನ್ನು ಅವರಿಗೆ ಕೊಡ್ಬೇಕು ಅಂತ ಅನ್ನಿಸ್ತು. ಅಷ್ಟೇ ಸರ್."

ಊರಿಗೆ ಉಪಕಾರಿ, ಮನೆಗೆ ಮಾರಿ. ಆಫೀಸಿನಲ್ಲಿ ನಾನೇ ಅವನನ್ನು ಹೀಗೆ ಛೇಡಿಸುತ್ತಿದ್ದೆ. ಬಿಸಿಲಲ್ಲಿ ನಿಂತವನಿಗೆ ತನ್ನ ಕೊಡೆ ಕೊಟ್ಟು ತಾನು ಬೆವರಿನಲ್ಲಿ ನೆನೆದು ಬರುವ ಮನುಷ್ಯ. 

ಆದರೂ ಬಿಡಲಿಲ್ಲ. ನನಗೆ ಹೆಸರು ಬೇಕಿತ್ತು.

"ಯಾರವನು?"

"ಬೇಡ ಸರ್."

"ನಿನ್ನ ಹೆಂಡತಿಯ ಜೀವ, ಭೋಜನ ಜೀವ, ಎರಡನ್ನೂ ಚಕ್ರಕ್ಕೆ ಕಟ್ಟಿಕೊಂಡು ಒಬ್ಬ ಮನುಷ್ಯ ಆರಾಮಾಗಿ ಓಡಾಡ್ತಿದಾನೆ. ಅವನಿಗೆ ಗೊತ್ತಾಗಬೇಡವಾ? ಅವನಿಗೂ ಒಂದು ದಿನ ನಿದ್ದೆ ಕೆಡಬೇಡವಾ?"

"ಅವರು ಕೇಳಿದ್ದಲ್ಲ. ಅವರಿಗೆ ಗೊತ್ತೂ ಇಲ್ಲ. ನಾನಾಗಿ ಮಾಡಿದ್ದು."

"ಆ ಹೆಸರಿಗಾಗಿ ಭೋಜನ ಹೆಸರಿಗೆ ಮಸಿ ಬಳಿದೆಯಲ್ಲ. ಅವನ ಮಗಳು ಅಪ್ಪ ಮೋಸಗಾರನಾ ಅಂತ ಕಾಗದ ಬರೀತಾಳೆ."

ಕ್ಲೆಮೆಂಟ್ ಕುಸಿದು ಕೂತ. ಅಳು ಹೊರಗೆ ಬರದಂತೆ ಬಾಯಿಗೆ ಕೈ ಅಡ್ಡ ಹಿಡಿದ. ಅಡುಗೆಮನೆಯಲ್ಲಿದ್ದ ಮಗಳಿಗೆ ಕೇಳಬಾರದೆಂದು ಅವನ ಭಯ.

"ಟೈರ್ ಬದಲಾಯಿಸಿದ್ದು ನಾನು ಅಂತ ಹೇಳ್ಬಹುದು," ಎಂದ ಕಡೆಗೆ. "ಯಾರಿಗೆ ಕೊಟ್ಟೆ ಅಂತ ಕೇಳ್ತಾರೆ. ಲೊರೈನ್ ಸಹ ಒಂದು ದಿನ ಕೇಳ್ತಾಳೆ, ಮಮ್ಮಿಯ ಟೈರ್ ಯಾರಿಗೆ ಕೊಟ್ಟಿ ಅಂತ. ಅದಕ್ಕೇ ನಾನು ಬಾಯಿ ಬಿಡಲಿಲ್ಲ."

"ಶುಕ್ರವಾರ ನಾನು ಬಿಡಿಸ್ತೀನಿ."

ಅವನು ತಲೆ ಎತ್ತಿ ನನ್ನನ್ನೇ ನೋಡಿದ. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ಕನಿಕರದ ಹಾಗೆ ಏನೋ ಇತ್ತು. ಯಾಕೆಂದು ಆಗ ನನಗೆ ತಿಳಿಯಲಿಲ್ಲ.

"ನೀವು ಮೂರು ನಂಬರಿನ ಟೈರ್ ಹುಡುಕಿ ಸರ್. ಸಿಕ್ಕಿದ ಮೇಲೂ, ಕ್ಲೆಮೆಂಟ್, ಹೇಳು ಅಂತ ನೀವೇ ಹೇಳಿದ್ರೆ, ಶುಕ್ರವಾರ ಎದ್ದು ನಿಂತು ಎಲ್ಲ ಹೇಳ್ತೇನೆ. ಲಿಜ್ಜಿಯ ಮೇಲೆ ಆಣೆ."

ಆಣೆಗಳ ಬಗ್ಗೆ ನನ್ನ ಅಭಿಪ್ರಾಯ ಹೇಳಿದ್ದೇನಲ್ಲ. ಇದನ್ನು ಮಾತ್ರ ನಂಬಿದೆ.

ಲೊರೈನ್ ನನ್ನನ್ನು ಕಳಿಸಲು ಮೆಟ್ಟಿಲವರೆಗೆ ಬಂದಳು. ಚಪ್ಪಲಿ ಮೆಟ್ಟುತ್ತಿದ್ದಾಗ ಕೇಳಿದಳು.

"ಅಂಕಲ್, ವೆನ್ ಈಸ್ ನವ್ಯಶ್ರೀ ಕಮಿಂಗ್ ಬ್ಯಾಕ್?"

ನವ್ಯಶ್ರೀ ನನ್ನ ಮಗಳು. "ಡಿಸೆಂಬರಿನಲ್ಲಿ ಬರ್ತಾಳೆ ಪುಟ್ಟ."

"ಅವಳಿಗೆ ಈಗ ಸೈಕಲ್ ಸ್ಮಾಲ್ ಆಗಿರ್ತದೆ ಅಲ್ವ? ಕ್ಯಾನ್ ಐ ಹ್ಯಾವ್ ಇಟ್? ದಟ್ ಬ್ಲೂ ಒನ್, ನೀವು ಪೇಂಟ್ ಮಾಡಿದ್ದು?"

ಆಗಲಿ ಎಂದೆ. ಮೂರು ಮೆಟ್ಟಿಲು ಇಳಿದೆ. ನಾಲ್ಕನೆಯದರಲ್ಲಿ ಕಾಲು ನಿಂತುಹೋಯಿತು.

* * *

ಕಾರು ಕೆಳಗೆ ರಸ್ತೆಯ ಪಕ್ಕ ನಿಂತಿತ್ತು. ಡಿಕ್ಕಿ ತೆರೆದೆ. ಮ್ಯಾಟು ಎತ್ತಿದೆ.

ಸ್ಪೇರ್ ಟೈರು ಇಡುವ ಗುಂಡಿಯ ಸುತ್ತ ನೀಲಿ ಪೇಂಟು ಚೆಲ್ಲಿ ಒಣಗಿತ್ತು. ಎಂಬತ್ತೊಂಬತ್ತರಲ್ಲಿ ಮಗಳ ಸೈಕಲ್ಲಿಗೆಂದು ತಂದ ಡಬ್ಬ ಉರುಳಿ ಬಿದ್ದದ್ದು. ಹೆಂಡತಿ ಎರಡು ದಿನ ಬೈದಿದ್ದಳು. ಗುಂಡಿಯೊಳಗೆ ಆಗ ಕಾರಿನ ಜೊತೆ ಬಂದ ಸ್ಪೇರ್ ಟೈರು ಇತ್ತು. ಏಳು ವರ್ಷ ಒಮ್ಮೆಯೂ ಹೊರಗೆ ತೆಗೆದಿರಲಿಲ್ಲ. ಹೊಸದು, ಊರಿಗೆ ಗಾಡಿ ಸಾಗಿಸುವಾಗ ಇರಲಿ ಎಂದು ನಾನೇ ಕಾಪಾಡಿಕೊಂಡು ಬಂದಿದ್ದೆ.

ಈಗ ಆ ಗುಂಡಿಯಲ್ಲಿ ಇದ್ದದ್ದು ಪಕ್ಕೆ ಉಬ್ಬಿದ ಹಳೇ ಟೈರು.

ಹೋದ ವರ್ಷ, ಸೆಪ್ಟೆಂಬರ್ ಎಂಟು. ಹೆಂಡತಿ ಮಕ್ಕಳನ್ನು ಬಸ್ರಾದವರೆಗೆ ಬಿಟ್ಟು, ಅಲ್ಲಿಂದ ಬಾಗ್ದಾದಿನ ಬಸ್ಸು ಹತ್ತಿಸಿ, ಆಫೀಸು ಕಾಯಲು ನಾನು ವಾಪಸು ಬರುವುದೆಂದಿತ್ತು. ಹಿಂದಿನ ಬಲ ಟೈರು ಉಬ್ಬಿದೆ, ಸ್ಪೇರ್ ಹಾಕಿಸಿಕೊಂಡು ಬಾರಪ್ಪ ಎಂದು ಬೆಳಿಗ್ಗೆ ಕ್ಲೆಮೆಂಟಿಗೆ ಕಾರಿನ ಕೀ ಕೊಟ್ಟಿದ್ದೆ. ಎರಡು ಗಂಟೆ ಬಿಟ್ಟು ಬಂದ. ಮೈಯೆಲ್ಲ ಬೆವರು. "ಹಾಕಿದ್ದೇನೆ ಸರ್. ಈ ಟೈರ್ ಮೇಲೆ ನೀವು ಚಿಂತೆ ಮಾಡ್ಲಿಕ್ಕಿಲ್ಲ," ಎಂದಿದ್ದ. ನನ್ನ ಸ್ಪೇರನ್ನೇ ಹಾಕಿದ್ದಾನೆ ಎಂದುಕೊಂಡೆ. ಬಸ್ರಾಕ್ಕೆ ಹೋಗಿ ಸುಖವಾಗಿ ಬಂದೆ. ಆಮೇಲೆ ಇರಾಕಿಗಳು ಒಯ್ಯದಿರಲೆಂದು ಬ್ಯಾಟರಿ ಬಿಚ್ಚಿ, ಕಾರಿಗೆ ಮಣ್ಣು ಮೆತ್ತಿ ಬೇಸ್‌ಮೆಂಟಿನಲ್ಲಿ ನಿಲ್ಲಿಸಿದೆ. ಟೈರಿನ ಕಡೆ ಯಾಕೆ ನೋಡುತ್ತೇನೆ?

ಹಿಂದಿನ ಬಲ ಚಕ್ರದ ಮುಂದೆ ಮಂಡಿಯೂರಿ ಕೂತೆ. ಬೆರಳಿನಿಂದ ಮಸಿ ಒರೆಸಿದೆ. ಟ್ರೇಲರ್ ಎಂಬ ಅಚ್ಚು. ಅದರ ಕೆಳಗೆ ಸೊನ್ನೆ, ಎಂಟು, ಒಂಬತ್ತು.

ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರೆ. ಊರವರ ಗಾಡಿಯ ಚಕ್ರವನ್ನೆಲ್ಲ ತಿರುಗಿಸಿ ನೋಡಿದವನು ನಾನು. ನನ್ನದನ್ನು ನೋಡಿರಲಿಲ್ಲ. ನಾನು ಅತ್ತೆ. ದಾರಿಹೋಕ ಬಂಗಾಳಿಯೊಬ್ಬ ನಿಂತು, "ಕ್ಯಾ ಹುವಾ ಭಾಯಿ?" ಎಂದು ಕೇಳಿ, ಉತ್ತರ ಸಿಗದೆ ಹೋದ. ನನ್ನ ಮಕ್ಕಳು ಬದುಕಿದ್ದಾರೆ ಎಂಬುದೇ ನನಗೆ ಆ ಹೊತ್ತಿನಲ್ಲಿ ದೊಡ್ಡ ಅಪರಾಧವಾಗಿ ಕಂಡಿತು.

* * *

ಗುರುವಾರ ಬೆಳಿಗ್ಗೆ ಫಹಾಹೀಲಿಗೆ ಹೋಗುವ ದಾರಿಯಲ್ಲಿ ಸಮುದ್ರದ ಬದಿಗೆ ಎರಡು ಸಲ ಕಾರು ನಿಲ್ಲಿಸಿದೆ. ಸುಳ್ಳು ಯಾಕೆ ಹೇಳಲಿ, ಆ ಟೈರನ್ನು ಬಿಚ್ಚಿ ನೀರಿಗೆ ಎಸೆದರೆ ಕೇಳುವವರು ಯಾರು ಎಂದು ಅನ್ನಿಸಿತು. ಕ್ಲೆಮೆಂಟ್ ಬಾಯಿ ಬಿಡುವುದಿಲ್ಲ. ಕುಸುಮಾವತಿಗೆ ಸಿಗಲಿಲ್ಲ ಎಂದರೆ ಮುಗಿಯಿತು. ಡಿಸೆಂಬರಿನಲ್ಲಿ ಹೆಂಡತಿ ಮಕ್ಕಳು ಬರುತ್ತಾರೆ. ಮಗಳು ಲೊರೈನಿಗೆ ಸೈಕಲ್ ಕೊಡುತ್ತಾಳೆ.

ಲತೀಫ್ ಜಾಕ್ ಕೊಟ್ಟು ಕಾರನ್ನು ಎತ್ತಿದ. ಹಿಂದಿನ ಬಲ ಚಕ್ರ ಬಿಚ್ಚು ಎಂದಾಗ ಯಾಕೆ ಎಂದು ಕೇಳಲಿಲ್ಲ. ಒಳಗೆ ಒಯ್ದು ಮೆಷಿನ್ನಿಗೆ ಹಾಕಿ, ಟೈರಿನ ಬಾಯಿ ಅಗಲಿಸಿ ಟಾರ್ಚು ಬಿಟ್ಟ.

ಭೋ 3.

"ಸಾರ್," ಎಂದ ಮೆಲ್ಲಗೆ. ನನ್ನ ಮುಖ ನೋಡಲಿಲ್ಲ. "ಒಂದು ಬಟ್ಟೆ ಸಾಕು. ಒರೆಸಿದ್ರೆ ಹೋಗ್ತದೆ. ನಾನು ಏನೂ ನೋಡಲಿಲ್ಲ."

ಬಟ್ಟೆಯನ್ನು ನನ್ನ ಕೈಗೆ ಕೊಟ್ಟ. ನಾನು ತೆಗೆದುಕೊಂಡೆ. ಈಗಲೂ ಹೇಳಲು ನಾಚಿಕೆ, ನಾನು ಅದನ್ನು ತೆಗೆದುಕೊಂಡೆ.

"ಅನಂತಣ್ಣ, ಬೇಗ ಬಂದಿರಾ?"

ಕುಸುಮಾವತಿ ಬಾಗಿಲಲ್ಲಿದ್ದಳು. ಶುಕ್ರವಾರಕ್ಕೆ ಉಡಲೆಂದು ಇಸ್ತ್ರಿ ಮಾಡಿಸಿದ ಬಿಳಿ ಸೀರೆಯ ಪೊಟ್ಟಣ ಅವಳ ಕಂಕುಳಲ್ಲಿತ್ತು. ಮೆಷಿನ್ನಿನ ಮೇಲಿನ ಟೈರು ಅವಳಿಗೆ ಕಂಡಿತು. ನನ್ನನ್ನು ದಾಟಿ ಬಂದಳು. ಬಗ್ಗಿದಳು. ಹಳದಿ ಅಕ್ಷರದ ಮೇಲೆ ಬೆರಳಿಟ್ಟು, ಅಳಿಸಿಹೋದೀತೆಂದು ಕೂಡಲೇ ತೆಗೆದಳು.

"ಇವರ ಕೈಯೇ," ಎಂದಳು. "ಮೂರು ಬರೀವಾಗ ಬಾಲ ಹೀಗೇ ಎಳೀತಿದ್ರು."

ಅವಳು ಅಳುತ್ತಿದ್ದಳು. ನಗುತ್ತಲೂ ಇದ್ದಳು. ಎರಡು ತಿಂಗಳಲ್ಲಿ ಅವಳು ಬಾಯ್ತುಂಬ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

"ಅಶ್ಮಿತಾಗೆ ಇವತ್ತೇ ಬರೀತೇನೆ ಅಣ್ಣ. ಅಪ್ಪ ಮೋಸ ಮಾಡಲಿಲ್ಲ, ಅನಂತ ಮಾವ ಹುಡುಕಿ ತೆಗೆದ್ರು ಅಂತ ಬರೀತೇನೆ." ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ಯಾರ ಗಾಡಿಯಲ್ಲಿ ಇತ್ತು?"

ಲತೀಫ್ ಗೋಡೆಯ ಕಡೆ ಮುಖ ಮಾಡಿ ನಿಂತ. ಬಟ್ಟೆ ನನ್ನ ಕೈಯಲ್ಲೇ ಇತ್ತು. ಅವಳ ಬೆನ್ನ ಹಿಂದೆ, ತೆರೆದ ಬಾಗಿಲಿನಾಚೆ, ಜಾಕಿನ ಮೇಲೆ ನನ್ನ ಕಾರು ಮೂರು ಚಕ್ರದಲ್ಲಿ ನಿಂತಿತ್ತು. ಅವಳಿನ್ನೂ ಹಿಂದೆ ನೋಡಿರಲಿಲ್ಲ.

"ಹೇಳಿ ಅಣ್ಣ," ಎಂದಳು. "ಯಾರೇ ಆಗಲಿ ಹೇಳ್ತೇನೆ ಅಂದಿದ್ದೀರಲ್ಲ."